ರಜೆ ತೆಗೆದುಕೊಳ್ಳುವ ಕಿರಣ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಇದನ್ನು ಓದಿ ಟೈಪು ಮಾಡುವ ಗ್ರಂಥಾಲಯದ ಅಕ್ಕನಿಗೆ ಕಣ್ಣುನೋವು ಬಂದರೆ ಅದಕ್ಕೆ ನಾನೇ ಹೊಣೆ. ಪದಗಳೂ ನನ್ನ ಹತ್ತಿರ ಹೆಚ್ಚಿಲ್ಲ. ಹತ್ತನೆಯ ತರಗತಿಯ ನಡುವೆಯೇ ಶಾಲೆ ಬಿಟ್ಟವಳು ನಾನು. ಬಿಟ್ಟದ್ದು ಓದು ತಲೆಗೆ ಹತ್ತದೆ ಅಲ್ಲ, ನಿಧಾನ ಜಾಸ್ತಿಯಾಗಿ. ಒಂದೊಂದು ಉತ್ತರವನ್ನೂ ತಪ್ಪಿಲ್ಲದೆ ಬರೆಯಬೇಕೆಂದು ಕೂತರೆ ಮೂರನೆಯ ಪ್ರಶ್ನೆ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಮೂರಕ್ಕೆ ಪೂರ್ತಿ ಅಂಕ, ಉಳಿದ ಹದಿನೇಳಕ್ಕೆ ಸೊನ್ನೆ. ಎರಡು ವರ್ಷ ಹೀಗೇ ಆದ ಮೇಲೆ ನಾಚಿಕೆಯಾಗಿ ಮನೆಯಲ್ಲೇ ಉಳಿದುಬಿಟ್ಟೆ.

ನಮ್ಮ ಕಟ್ಟಡದಲ್ಲಿ ಕೆಲಸ ಮಾಡುವವರೆಲ್ಲ ಸೇರಿ ಒಂದು ಪುಸ್ತಕ ತರುತ್ತಿದ್ದಾರೆ. ಒಬ್ಬೊಬ್ಬರು ಇನ್ನೊಬ್ಬರ ಬಗ್ಗೆ ಬರೆಯಬೇಕು. "ನೀನು ನಿಮ್ಮ ದೊಡ್ಡಮ್ಮನ ಬಗ್ಗೆ ಬರಿ. ಅವರ ಜೊತೆ ನೆಲಮಾಳಿಗೇಲಿ ಇರೋಳು ನೀನೊಬ್ಬಳೇ ತಾನೇ" ಎಂದು ಗ್ರಂಥಾಲಯದ ಅಕ್ಕ ಹೇಳಿದರು. ಇಲ್ಲ ಅನ್ನಲು ಧೈರ್ಯ ಬೇಕು, ಅದು ನನಗಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ದೊಡ್ಡಮ್ಮ ಭೌತವಿಜ್ಞಾನಿ. ಹಾಗಂದ ಕೂಡಲೇ ಜನ ಗಂಭೀರವಾಗುತ್ತಾರೆ, ಆಗಬೇಕಾಗಿಲ್ಲ. ಅವರ ಹೆಸರು ಪತ್ರಿಕೆಯಲ್ಲಿ ಬಂದದ್ದು ಒಂದೇ ಸಲ, ಬೀದಿಯ ನೀರಿನ ಪೈಪು ಒಡೆದಾಗ ದೂರು ಕೊಟ್ಟವರ ಪಟ್ಟಿಯಲ್ಲಿ. ಐದು ಅಡಿಗೂ ಕಡಿಮೆ ಎತ್ತರ. ಸಂತೋಷವಾದರೆ ಒಂಟಿಕಾಲಲ್ಲಿ ಕುಣಿಯುತ್ತಾರೆ, ಜಾಸ್ತಿ ಸಂತೋಷವಾದರೆ ಬಿಕ್ಕಳಿಕೆ ಬರುತ್ತದೆ. ಬಿಕ್ಕಳಿಕೆ ನಿಲ್ಲಿಸಲು ದೊಡ್ಡಪ್ಪ ಅವರ ಬೆನ್ನಿನ ಮೇಲೆ ಗುದ್ದಬೇಕು. ದೊಡ್ಡಪ್ಪ ಗಡಿಯಾರ ರಿಪೇರಿ ಮಾಡುವವರು. "ನಾನು ಟಿಕ್ ಟಿಕ್ ಅನ್ನಿಸ್ತೀನಿ, ಇವಳು ಅದನ್ನ ಎಣಿಸ್ತಾಳೆ. ನಮ್ಮ ಸಂಸಾರ ಅಷ್ಟೇ" ಎನ್ನುತ್ತಾರೆ.

ಎಣಿಸುವುದೇ ಅವರ ಕೆಲಸ ಎಂಬುದು ನಿಜ. ನೀವು ಈಗ ಅಂಗೈ ಚಾಚಿ ಕೂತುಕೊಳ್ಳಿ. ಸೆಕೆಂಡಿಗೊಂದರಂತೆ ಒಂದು ಕಣ ಆಕಾಶದಿಂದ ಬಂದು ನಿಮ್ಮ ಕೈಯನ್ನು ತೂರಿಕೊಂಡು ನೆಲಕ್ಕೆ ಹೋಗುತ್ತಿರುತ್ತದೆ. ನೋವಿಲ್ಲ, ಗಾಯವಿಲ್ಲ, ಗೊತ್ತೂ ಆಗುವುದಿಲ್ಲ. ಅದಕ್ಕೆ ಮ್ಯುಯಾನ್ ಎಂದು ಹೆಸರು. ದೊಡ್ಡಮ್ಮ ಇದನ್ನು ಹೇಳಿದ ದಿನ ನಾನು ಬಸ್ಸಿನಲ್ಲಿ ಮನೆಗೆ ಬರುವಾಗ ಪೂರ್ತಿ ದಾರಿ ಅಂಗೈ ಚಾಚಿಕೊಂಡೇ ಕೂತಿದ್ದೆ. ಪಕ್ಕದ ಅಜ್ಜಿ ಪಾಪ ಎಂದು ಒಂದು ನಾಣ್ಯ ಹಾಕಿದರು.

ಈ ಕಣಗಳನ್ನು ಹಿಡಿಯಲು ಒಂದು ಬಗೆಯ ಪ್ಲಾಸ್ಟಿಕ್ ಹಲಗೆ ಬೇಕು. ನೋಡಲು ದಪ್ಪ ಗಾಜಿನ ಹಾಗೆ. ಕಣ ಅದರೊಳಗೆ ಹಾದುಹೋದರೆ ಹಲಗೆ ಒಂದೇ ಒಂದು ಸಲ ನೀಲಿಯಾಗಿ ಮಿಣುಕುತ್ತದೆ. ಆ ಮಿಣುಕು ನಮ್ಮ ಕಣ್ಣಿಗೆ ಕಾಣದಷ್ಟು ಸಣ್ಣದು. ಹಲಗೆಯ ತುದಿಗೆ ಅಂಟಿಸಿದ ಒಂದು ಟ್ಯೂಬು ಅದನ್ನು ನೋಡಿ ಯಂತ್ರಕ್ಕೆ ಹೇಳುತ್ತದೆ, ಯಂತ್ರ ಎಣಿಸುತ್ತದೆ. ಇದೇ ಡಿಟೆಕ್ಟರು. ಹೊರಗಿನ ಬೆಳಕು ಸೂಜಿಮೊನೆಯಷ್ಟು ಒಳಗೆ ಹೋದರೂ ಎಣಿಕೆ ಹುಚ್ಚೆದ್ದುಹೋಗುತ್ತದೆ. ಆದ್ದರಿಂದ ಹಲಗೆಗೆ ಮೊದಲು ಬೆಳ್ಳಿಯ ಬಣ್ಣದ ಹಾಳೆ, ಅದರ ಮೇಲೆ ಕಪ್ಪು ಕಾಗದ, ಅದರ ಮೇಲೆ ಕಪ್ಪು ಟೇಪು ಸುತ್ತಬೇಕು. ಎಲ್ಲಿಯೂ ತೂತಿರಬಾರದು.

ಸುತ್ತುವವಳು ನಾನು.

ಅದು ಆದದ್ದು ಹೀಗೆ. ಶಾಲೆಯಲ್ಲಿ ನಾನು ಹೆಸರು ಮಾಡಿದ್ದು ಒಂದೇ ಕೆಲಸದಲ್ಲಿ, ಪುಸ್ತಕಗಳಿಗೆ ಕಂದು ಕಾಗದದ ಹೊದಿಕೆ ಹಾಕುವುದರಲ್ಲಿ. ಒಳಗೆ ಬರೆಯಲು ಬಾರದಿದ್ದರೂ ಹೊರಗೆ ಹೊದಿಸಲು ಬರುತ್ತಿತ್ತು. ಶಾಲೆ ಬಿಟ್ಟ ಮೇಲೂ ಬೀದಿಯ ಮಕ್ಕಳು ಪುಸ್ತಕ ತಂದುಕೊಡುತ್ತಿದ್ದರು. ಒಂದು ದಿನ ದೊಡ್ಡಮ್ಮ ಮನೆಗೆ ಬಂದವರು ಆ ರಾಶಿಯಿಂದ ಒಂದನ್ನು ಎತ್ತಿಕೊಂಡು ಮೂಲೆಯ ಮಡಿಕೆಯನ್ನು ಉಗುರಿನಿಂದ ಸವರಿ, ಬಲ್ಬಿಗೆ ಹಿಡಿದು ನೋಡಿದರು.

"ಇದನ್ನ ಯಾರೇ ಹಾಕಿದ್ದು?"

ಅಮ್ಮ ಹೊಲಿಗೆಯಂತ್ರದಿಂದ ತಲೆಯೆತ್ತದೆ ಹೇಳಿದರು, "ಇನ್ಯಾರು, ನಿನ್ನ ಮಗಳೇ. ಒಂದಕ್ಕೆ ಮುಕ್ಕಾಲು ಗಂಟೆ. ಅಷ್ಟು ಹೊತ್ತಲ್ಲಿ ನಾನು ಒಂದು ಲಂಗ ಹೊಲೀತೀನಿ."

"ಮುಕ್ಕಾಲು ಗಂಟೆನಾ! ನಮ್ಮಲ್ಲಿ ಹತ್ತು ನಿಮಿಷಕ್ಕೆ ಮುಗಿಸೋರನ್ನ ಕಂಡು ಕಂಡು ನನಗೆ ಸಾಕಾಗಿದೆ ಕಣೇ" ಎಂದು ದೊಡ್ಡಮ್ಮ ಒಂಟಿಕಾಲಲ್ಲಿ ಎರಡು ಸಲ ಕುಣಿದರು. "ಮರೀ, ನಾಳೆ ನನ್ನ ಜೊತೆ ಬಾ."

ನನ್ನ ನಿಧಾನವನ್ನು ಕಂಡು ಕುಣಿದವರು ಪ್ರಪಂಚದಲ್ಲಿ ಅವರೊಬ್ಬರೇ.

ಒಂದು ಹಲಗೆ ಸುತ್ತಲು ನನಗೆ ಒಂಬತ್ತು ದಿನ ಬೇಕು. ಯಂತ್ರಗಳ ತಂತಿ ಕೆಲಸ ನೋಡಿಕೊಳ್ಳುವ ಸೋಲ್ಡರ್ ಅಣ್ಣ ದಿನವೂ ಬಾಗಿಲಲ್ಲಿ ತಲೆ ಹಾಕಿ, "ಏನಮ್ಮಾ, ನೀನು ಸುತ್ತಿ ಮುಗಿಸೋದ್ರೊಳಗೆ ಸೂರ್ಯ ತಣ್ಣಗಾಗ್ತಾನಾ?" ಎಂದು ಕೇಳುತ್ತಿದ್ದರು. ನಾನು ಉತ್ತರ ಕೊಡುತ್ತಿರಲಿಲ್ಲ. ಒಳ್ಳೆಯ ಉತ್ತರ ಹೊಳೆಯುವುದು ನನಗೆ ಮಾರನೆಯ ದಿನ.

ಇನ್ನು ದೊಡ್ಡಮ್ಮನ ಅಡ್ಡಹೆಸರಿನ ಕಥೆ ಹೇಳಲೇಬೇಕು. ಮೂವತ್ತೆರಡು ವರ್ಷದ ಹಿಂದೆ ಅವರು ಇದೇ ಕಟ್ಟಡದ ಎರಡನೆಯ ಮಹಡಿಯಲ್ಲಿ ಮೊದಲ ಡಿಟೆಕ್ಟರು ಕಟ್ಟಿದರಂತೆ. ದಿನವೂ ಬೆಳಿಗ್ಗೆ ಒಂಬತ್ತಕ್ಕೆ, ಸಂಜೆ ಐದಕ್ಕೆ ಎಣಿಕೆ ಜಿಗಿಯುತ್ತಿತ್ತು. ಆಕಾಶದಿಂದ ಹೊತ್ತು ನೋಡಿಕೊಂಡು ಏನೋ ಬರುತ್ತಿದೆ ಎಂದು ಹನ್ನೊಂದು ಪುಟದ ವರದಿ ಬರೆದು, ತುಂಬಿದ ಸಭೆಯಲ್ಲಿ ಓದಿದರು. ಕೊನೆಯ ಸಾಲಿನಿಂದ ವಿದ್ಯುತ್ ಕೆಲಸದವನೊಬ್ಬ ಕೈಯೆತ್ತಿ, "ಮೇಡಂ, ಅದು ಲಿಫ್ಟು" ಎಂದ. ಒಂಬತ್ತಕ್ಕೂ ಐದಕ್ಕೂ ಎಲ್ಲರೂ ಲಿಫ್ಟು ಹತ್ತುತ್ತಿದ್ದರು, ಅದರ ಮೋಟಾರಿನ ಕಿಡಿಯನ್ನು ದೊಡ್ಡಮ್ಮನ ಯಂತ್ರ ಎಣಿಸುತ್ತಿತ್ತು. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ದೊಡ್ಡಮ್ಮನೇ ನಕ್ಕರಂತೆ. ಅಂದಿನಿಂದ ಅವರು ಲಿಫ್ಟ್ ಮೇಡಂ.

"ನಗೋರ ಜೊತೆ ನಾವೂ ನಕ್ಕುಬಿಟ್ರೆ ಅರ್ಧ ನಗು ನಮ್ಮದೇ ಆಗುತ್ತೆ ಮರೀ" ಎನ್ನುತ್ತಾರೆ. ಆದರೆ ಆ ಸಂಜೆ ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅರ್ಧ ಗಂಟೆ ಸುಮ್ಮನೆ ಕೂತಿದ್ದರು ಎಂದು ದೊಡ್ಡಪ್ಪ ನನಗೆ ಹೇಳಿದ್ದಾರೆ. ನಗದೇ ಉಳಿದ ಇನ್ನೊಂದು ಅರ್ಧ ಅದು.

ಈಗಿನ ಡಿಟೆಕ್ಟರನ್ನು ಅವರು ಹನ್ನೊಂದು ವರ್ಷದಿಂದ ಕಟ್ಟುತ್ತಿದ್ದಾರೆ. ಊರಾಚೆಯ ಬೆಟ್ಟದ ಹೊಟ್ಟೆಯಲ್ಲಿ ಒಂದು ಹಳೆಯ ರೈಲು ಸುರಂಗವಿದೆ. ಅದರೊಳಗೆ ಡಿಟೆಕ್ಟರು ಇಟ್ಟು, ಬೆಟ್ಟವನ್ನು ತೂರಿಕೊಂಡು ಬರುವ ಮ್ಯುಯಾನ್‌ಗಳನ್ನು ಎಣಿಸಿದರೆ ಬೆಟ್ಟದೊಳಗೆ ಎಲ್ಲಿ ಪೊಳ್ಳಿದೆ, ಎಲ್ಲಿ ಗಟ್ಟಿಯಿದೆ ಎಂದು ತಿಳಿಯುತ್ತದೆ. ಬೆಟ್ಟಕ್ಕೆ ಎಕ್ಸ್-ರೇ ತೆಗೆದ ಹಾಗೆ. ನಾಲ್ಕು ಹಲಗೆ ಇನ್ನೇನು ಸಿದ್ಧವಾಗುತ್ತವೆ ಅನ್ನುವಾಗ ಮೇಲಿನವರಿಂದ ಕಾಗದ ಬಂತು. ಡಿಟೆಕ್ಟರು ಏಳು ದಿನ ಬಿಡದೆ ಓಡಬೇಕು. ಪ್ರತಿ ಹಲಗೆಯ ಎಣಿಕೆಯೂ ನೂರಕ್ಕೆ ಎರಡಕ್ಕಿಂತ ಹೆಚ್ಚು ಆಚೀಚೆ ಆಗಬಾರದು. ಒಂಬತ್ತನೆಯ ದಿನ, ಮಂಗಳವಾರ, ಮೂವರು ಬಂದು ನೋಡುತ್ತಾರೆ. ಸರಿಯಿದ್ದರೆ ಸುರಂಗಕ್ಕೆ. ಇಲ್ಲದಿದ್ದರೆ ಹಲಗೆಗಳು ಗುಜರಿಗೆ, ಕೋಣೆ ಉಗ್ರಾಣಕ್ಕೆ, ಮುರಿದ ಕುರ್ಚಿಗಳನ್ನಿಡಲು. ದೊಡ್ಡಮ್ಮ ನಿವೃತ್ತಿಯಾಗಲು ಉಳಿದಿದ್ದದ್ದು ಐದೇ ತಿಂಗಳು. ಇನ್ನೊಂದು ಅವಕಾಶ ಇರಲಿಲ್ಲ.

ಕುರ್ಚಿಗಳಿಗೆ ಕೋಣೆ ಕೇಳಿದವರು ಉಗ್ರಾಣದ ಸಾಹೇಬರು. ಅವರನ್ನು ಕಟ್ಟಡವೆಲ್ಲ ಮೂರುಸಹಿ ಎಂದು ಕರೆಯುತ್ತದೆ. ಒಂದು ಪೆನ್ಸಿಲ್ ಬೇಕೆಂದರೂ ಮೂರು ಕಡೆ ಸಹಿ. ಮೂರನೆಯ ಹಲಗೆಯ ಕೊನೆಯ ಮೂಲೆಗೆ ಟೇಪು ಸಾಲದೆ ನಾನು ಅವರ ಕಿಟಕಿಗೆ ಹೋಗಿದ್ದೆ.

"ಹಿಂದಿನ ರೋಲು ಮುಗೀತಾ?"

"ಮುಗೀತು ಸಾರ್."

"ಮುಗಿದಿದ್ದಕ್ಕೆ ಗುರುತು?"

ನಾನು ಒಳಗಿನ ರಟ್ಟಿನ ಬಳೆಯನ್ನು ತೋರಿಸಿದೆ. ಅವರು ಅದರೊಳಗಿಂದ ನನ್ನನ್ನು ನೋಡಿದರು. "ಸರಿ, ಮೂರು ಸಹಿ ತಗೊಂಬಾ. ಎರಡನೇ ಸಹಿ ಮಾಡೋರು ರಜೆ. ಸೋಮವಾರ ಬರ್ತಾರೆ."

ಸೋಮವಾರವೇ ಪರೀಕ್ಷೆ ಶುರು. ಹಾಗಾಗಿ ನಾನು ಹಳೆಯ ತುಂಡುಗಳನ್ನು ಜೋಡಿಸಿ ಆ ಮೂಲೆ ಮುಗಿಸಿದೆ. ಬಲ್ಬಿಗೆ ಹಿಡಿದು ನಾಲ್ಕು ಸಲ ನೋಡಿದ್ದೆ. ಆದರೂ ಮನಸ್ಸಿನ ಒಂದು ಮೂಲೆಗೆ ಟೇಪು ಸಾಲದೇ ಹೋಯಿತು.

ಸೋಮವಾರ ಬೆಳಿಗ್ಗೆ ಎಣಿಕೆ ಶುರುವಾಯಿತು. ನಿಮಿಷ ನಿಮಿಷದ ಲೆಕ್ಕವನ್ನು ಯಂತ್ರ ಬರೆದುಕೊಳ್ಳುತ್ತದೆ, ನಾನೂ ನನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ನಿಮಿಷಕ್ಕೆ ಹತ್ತು ಸಾವಿರದ ಆಸುಪಾಸು, ಹಾಲು ಕಾಯಿಸಿ ಇಟ್ಟಂತೆ ನೆಮ್ಮದಿ. ಮಧ್ಯಾಹ್ನ ಮೂರೂ ಹತ್ತಕ್ಕೆ ಎಲ್ಲಕ್ಕಿಂತ ಕೆಳಗಿನ, ನಾಲ್ಕನೆಯ ಹಲಗೆಯ ಎಣಿಕೆ ಧಡಕ್ಕನೆ ಸಾವಿರದ ಒಂಬೈನೂರು ಮೇಲೇರಿತು. ಉಳಿದವೂ ಸ್ವಲ್ಪ ಸ್ವಲ್ಪ ಏರಿದವು. ಮೂರೂ ನಲವತ್ತಕ್ಕೆ ಏನೂ ಆಗಿಲ್ಲವೆಂಬಂತೆ ಎಲ್ಲ ಇಳಿಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನು. ಯಾರೂ ಏನೂ ಅನ್ನುವ ಮೊದಲೇ ಅಳುತ್ತಾ ಹೇಳಿಬಿಟ್ಟೆ, "ದೊಡ್ಡಮ್ಮ, ತಪ್ಪು ನನ್ನದು. ಮೂರನೇದಕ್ಕೆ ತುಂಡು ಟೇಪು ಹಾಕಿದ್ದೆ."

"ಏರಿರೋದು ನಾಲ್ಕನೇದು, ಅಳ್ತಿರೋದು ಮೂರನೇದಕ್ಕಾ?" ಎಂದು ದೊಡ್ಡಮ್ಮ ನನ್ನ ಕೈಗೆ ಟಾರ್ಚ್ ಕೊಟ್ಟರು. "ಅಳು ಆಮೇಲೆ. ಮೊದಲು ನೋಡು."

ನಾನು ನಾಲ್ಕೂ ಹಲಗೆಯ ಅಂಗುಲ ಅಂಗುಲಕ್ಕೂ ಟಾರ್ಚ್ ಹಿಡಿದೆ. ಎಣಿಕೆ ಅಲುಗಲಿಲ್ಲ. ದೊಡ್ಡಮ್ಮ ನನ್ನ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದರು: "ಸುತ್ತಿದವಳ ತಪ್ಪಿಲ್ಲ." ಕೆಳಗೆ ತಾರೀಖು, ಸಹಿ. ಶಾಲೆಯಲ್ಲಿ ಯಾರೂ ನನಗೆ ಅಂಥದ್ದನ್ನು ಬರೆದುಕೊಟ್ಟಿರಲಿಲ್ಲ. ಆ ಪುಟವನ್ನು ನೋಡಿದಾಗಲೆಲ್ಲ ಈಗಲೂ ನಗು ಬರುತ್ತದೆ.

ಮಂಗಳವಾರ ಮೂರೂ ಹತ್ತಕ್ಕೆ ಮತ್ತೆ ಉಬ್ಬು. ಸೋಲ್ಡರ್ ಅಣ್ಣ ಗಲ್ಲ ತುರಿಸಿಕೊಂಡರು. "ಮೇಡಂ, ಹೇಳ್ಬಾರ್ದು, ಆದ್ರೂ ಹೇಳ್ತೀನಿ..."

"ಹೇಳ್ಬೇಡ."

"ಲಿಫ್ಟು."

"ಹೇಳ್ಬೇಡ ಅಂದ್ನಲ್ಲೋ!"

ಆದರೂ ಬುಧವಾರ ಬೆಳಿಗ್ಗೆ ಅಣ್ಣನನ್ನೇ ಲಿಫ್ಟಿನಲ್ಲಿ ಮುಕ್ಕಾಲು ಗಂಟೆ ಮೇಲೆ ಕೆಳಗೆ ಓಡಾಡಿಸಿದೆವು. ಎಣಿಕೆ ಸೊಪ್ಪು ಹಾಕಲಿಲ್ಲ. ಇಳಿದು ಬಂದವರು ಗೋಡೆ ಹಿಡಿದುಕೊಂಡೇ, "ನಾನು ಮಾತ್ರ ಏರುಪೇರಾದೆ" ಎಂದರು. ದೊಡ್ಡಮ್ಮನಿಗೆ ನಗು, ಬಿಕ್ಕಳಿಕೆ ಎರಡೂ ಒಟ್ಟಿಗೆ ಬಂತು.

ಆದರೆ ದಿನ ಕಳೆದಂತೆ ನಗು ಕಡಿಮೆಯಾಯಿತು. ದಿನವೂ ಮೂರೂ ಹತ್ತಕ್ಕೆ ಏರುವುದು, ಮೂರೂ ನಲವತ್ತಕ್ಕೆ ಇಳಿಯುವುದು. ನೂರಕ್ಕೆ ಎರಡು ಎಲ್ಲಿ, ಹತ್ತೊಂಬತ್ತು ಎಲ್ಲಿ! ಮಂಗಳವಾರ ಬರುವ ಮೂವರಲ್ಲಿ ಹಿರಿಯರೊಬ್ಬರು ಆ ಹಳೆಯ ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಇದ್ದವರಂತೆ. ಶನಿವಾರ ದೊಡ್ಡಮ್ಮ ಖಾಲಿ ಗೋಡೆ ನೋಡುತ್ತಾ, "ಲಿಫ್ಟ್ ಮೇಡಂ ಆಗಿ ಬಂದೆ, ಲಿಫ್ಟ್ ಮೇಡಂ ಆಗೇ ಹೋಗ್ತೀನಿ ಅನ್ಸುತ್ತೆ" ಎಂದರು. ಬಿಕ್ಕಳಿಕೆಯಿಲ್ಲದೆ ಹೇಳಿದರು.

ಭಾನುವಾರ ಯಂತ್ರ ತನ್ನಷ್ಟಕ್ಕೇ ಓಡುತ್ತಿತ್ತು. ಸೋಮವಾರ ಬೆಳಿಗ್ಗೆ ಬಂದು ನಾನು ಭಾನುವಾರದ ಲೆಕ್ಕವನ್ನು ಪುಸ್ತಕಕ್ಕೆ ಇಳಿಸಿಕೊಂಡೆ. ಎರಡು ಸಲ ನೋಡಿದೆ. ಮೂರು ಸಲ ನೋಡಿದೆ.

"ದೊಡ್ಡಮ್ಮ, ನಿನ್ನೆ ಉಬ್ಬಿಲ್ಲ."

"ಅಂದ್ರೆ?"

"ಮೂರೂ ಹತ್ತಕ್ಕೆ ಏನೂ ಬಂದಿಲ್ಲ. ದಿನ ಪೂರ್ತಿ ಸಮ."

ದೊಡ್ಡಮ್ಮ ಕುರ್ಚಿಯನ್ನು ಜರುಗಿಸಿಕೊಂಡು ಬಂದರು. "ಆಕಾಶಕ್ಕೆ ಭಾನುವಾರ ಇಲ್ಲ ಮರೀ. ಭಾನುವಾರ ರಜೆ ತಗೊಳ್ಳೋ ಕಿರಣ ಯಾವುದೇ ಅದು?"

ಆಗ ನಾನು ಇನ್ನೊಂದು ವಿಷಯ ಹೇಳಿದೆ. ಹೇಳಲೋ ಬೇಡವೋ ಎಂದು ಗುರುವಾರದಿಂದ ಬಾಯಲ್ಲೇ ಇಟ್ಟುಕೊಂಡಿದ್ದೆ. "ಉಬ್ಬು ದಿನಾ ಸಣ್ಣದಾಗ್ತಿದೆ. ಮೊದಲನೇ ದಿನ ಸಾವಿರದ ಒಂಬೈನೂರು. ಆಮೇಲೆ ಸಾವಿರದ ಏಳ್ನೂರು, ಸಾವಿರದ ಐನೂರು. ಶನಿವಾರ ಸಾವಿರದ ಎಪ್ಪತ್ತು."

ದೊಡ್ಡಮ್ಮ ನನ್ನ ಕೋಳಿಯಕ್ಷರದ ಪುಸ್ತಕವನ್ನು ಕಸಿದುಕೊಂಡು ಪೆನ್ಸಿಲಿನಿಂದ ಗೆರೆ ಎಳೆದರು. "ಇಳಿಯೋ ಚಂದ ನೋಡು! ಇದು ಕೆಟ್ಟುಹೋದ ಯಂತ್ರದ ಚಾಳಿ ಅಲ್ಲ, ಇದು ನಿಜವಾದ ವಿಕಿರಣ. ಆರು ದಿನಕ್ಕೆ ಅರ್ಧ ಆಗ್ತಿದೆ. ಎಂಟು ದಿನಕ್ಕೆ ಅರ್ಧ ಆಗಿದ್ರೆ ಅಯೋಡಿನ್ ಅಂತಿದ್ದೆ. ಆಸ್ಪತ್ರೇಲಿ ಕೊಡೋ ಅಯೋಡಿನ್ ಇದ್ಯಲ್ಲ, ಅದು. ಆದ್ರೆ ಆರು! ಆರರದ್ದು ಯಾವುದೂ ಈ ಕಟ್ಟಡಕ್ಕೆ ಬರೋ ಹಾಗಿಲ್ಲ."

ನಾನು ಸಾಮಾನ್ಯವಾಗಿ ಯೋಚಿಸಿ ಮಾರನೆಯ ದಿನ ಮಾತಾಡುತ್ತೇನೆ. ಅವತ್ತು ಹೇಗೋ ಅವತ್ತೇ ಹೊಳೆಯಿತು.

"ದೊಡ್ಡಮ್ಮ, ಮಡಕೆ ನೀರು ಬಿಸಿಲಿಗೆ ಆರಿ ಎಂಟು ದಿನಕ್ಕೆ ಅರ್ಧ ಆಗುತ್ತೆ ಅಂತಿಟ್ಕೊಳ್ಳಿ. ಅದೇ ಮಡಕೆ ಸಣ್ಣಗೆ ಸೋರ್ತಾನೂ ಇದ್ರೆ? ಆರಕ್ಕೇ ಅರ್ಧ ಆಗಲ್ವಾ?"

ದೊಡ್ಡಮ್ಮ ಪೆನ್ಸಿಲ್ ಕೆಳಗಿಟ್ಟರು. ನಾನು ಏನೋ ತಪ್ಪು ಹೇಳಿದೆ ಎಂದುಕೊಂಡೆ.

"ಸೋರೋ ಮಡಕೆ" ಎಂದರು ಮೆಲ್ಲಗೆ. "ಭಾನುವಾರ ರಜೆ ತಗೊಳ್ಳೋ ಸೋರೋ ಮಡಕೆ. ದಿನಾ ಮೂರು ಹತ್ತಕ್ಕೆ ಬಂದು ಅರ್ಧ ಗಂಟೆ ಕೂತು ಹೋಗೋ ಮಡಕೆ." ಆಮೇಲೆ ಒಂಟಿಕಾಲಿನ ಮೇಲೆ ಎದ್ದೇಬಿಟ್ಟರು. "ಮನುಷ್ಯ ಕಣೇ! ಮನುಷ್ಯ! ಔಷಧಿ ತಗೊಂಡಿರೋ ಮನುಷ್ಯ!"

ಅವರು ಕುಣಿಯುತ್ತಲೇ ಬಿಡಿಸಿ ಹೇಳಿದರು. ಕುತ್ತಿಗೆಯಲ್ಲಿ ಥೈರಾಯ್ಡ್ ಎಂಬ ಗ್ರಂಥಿಯಿದೆ. ಅದು ಅತಿಯಾಗಿ ಕೆಲಸ ಮಾಡಿದರೆ ವಿಕಿರಣ ಸೂಸುವ ಅಯೋಡಿನ್ ಕುಡಿಸುತ್ತಾರೆ. ಗ್ರಂಥಿ ಅದನ್ನು ಹೀರಿಕೊಂಡು ಸುಮ್ಮನಾಗುತ್ತದೆ. ಅಯೋಡಿನ್ ತಾನಾಗಿಯೇ ಎಂಟು ದಿನಕ್ಕೆ ಅರ್ಧವಾಗುತ್ತದೆ, ಸ್ವಲ್ಪ ಮೈಯಿಂದ ಆಚೆಗೂ ಹೋಗುತ್ತದೆ. ಆಗ ಆರೇ ದಿನ. "ಒಂದೂವರೆ ಅಡಿ ಕಲ್ಲಿನ ಗೋಡೆ ಆಚೆಯಿಂದ ನಮ್ಮ ಹಲಗೆ ಯಾರದ್ದೋ ಕುತ್ತಿಗೆ ನೋಡಿದೆ! ಕೆಟ್ಟಿದ್ದಲ್ಲ, ಅತಿ ಚೆನ್ನಾಗಿದೆ!" ಬಿಕ್ಕಳಿಕೆ ಶುರುವಾಯಿತು. ದೊಡ್ಡಪ್ಪ ಇರಲಿಲ್ಲ, ಸೋಲ್ಡರ್ ಅಣ್ಣ ಗುದ್ದಿದರು.

ಆದರೆ ಯಾರ ಕುತ್ತಿಗೆ ಎಂದು ತಿಳಿಯದೆ, ಬರುವ ಮೂವರಿಗೆ ಏನೆಂದು ಹೇಳುವುದು? "ಯಾರೋ ಒಬ್ಬರು ಬರ್ತಾರೆ" ಎಂದರೆ ಲಿಫ್ಟಿನ ಕಥೆಗೆ ಎರಡನೆಯ ಭಾಗವಾಗುತ್ತಿತ್ತು. ಮಧ್ಯಾಹ್ನಕ್ಕೆ ಕಾದೆವು. ಇಷ್ಟು ಉದ್ದದ ಸೋಮವಾರವನ್ನು ನಾನು ಕಂಡಿಲ್ಲ.

ಮೂರೂ ಹನ್ನೊಂದಕ್ಕೆ ಎಣಿಕೆ ಏರಿತು. ದೊಡ್ಡಮ್ಮ ಕೈಯಲ್ಲಿ ಹಿಡಿಯುವ ಮೀಟರ್ ಎತ್ತಿಕೊಂಡು ಹೊರಗೆ ಹಾರಿದರು. ಅದು ವಿಕಿರಣ ಕಂಡರೆ ಟಿಕ್ ಟಿಕ್ ಅನ್ನುವ ಪೆಟ್ಟಿಗೆ. ಹಿಂದೆ ನಾನು, ನನ್ನ ಹಿಂದೆ ಸೋಲ್ಡರ್ ಅಣ್ಣ. ಮೂವರೂ ಬೆಕ್ಕಿನ ಹಾಗೆ ನಡೆದು ಗೋಡೆಯ ಆಚೆ ಬದಿಗೆ ಬಂದೆವು. ಅಲ್ಲಿ ಇರುವುದು ಮೆಟ್ಟಿಲಿನ ಕೆಳಗಿನ ಮೂಲೆ, ಮುರಿದ ಕುರ್ಚಿಗಳ ಗುಡ್ಡ. ಟಿಕ್... ಟಿಕ್... ಟಿಕ್ ಟಿಕ್... ಎರಡು ಹೆಜ್ಜೆಗೆ ಟಿಕಟಿಕಟಿಕ. ದೊಡ್ಡಮ್ಮ ಒಂದು ಕುರ್ಚಿ ಸರಿಸಿದರು.

ಒಳಗೆ ಮೂರು ಕಾಲಿನ ಸ್ಟೂಲಿನ ಮೇಲೆ ಮೂರುಸಹಿ ಸಾಹೇಬರು ಕೂತಿದ್ದರು. ಒಂದು ಕೈಯಲ್ಲಿ ಟೀ, ಇನ್ನೊಂದರಲ್ಲಿ ಅದ್ದಿದ ಬಿಸ್ಕತ್ತು. ನಮ್ಮನ್ನು ನೋಡಿದ ಗಾಬರಿಗೆ ಬಿಸ್ಕತ್ತಿನ ಅರ್ಧ ಲೋಟದೊಳಗೆ ಬಿತ್ತು.

"ನಾನು ಕೋಣೆ ಅಳತೆ ಮಾಡೋಕೆ ಬಂದಿಲ್ಲ!" ಎಂದರು ನಾವು ಏನೂ ಕೇಳದೆಯೇ.

ಮೀಟರು ಅವರ ಕುತ್ತಿಗೆಯ ಕಡೆ ತಿರುಗಿ ಮಳೆಯ ಹಾಗೆ ಬಡಿದುಕೊಳ್ಳುತ್ತಿತ್ತು. ಸಾಹೇಬರ ಮುಖ ಬಿಳಿಚಿಕೊಂಡಿತು. ದೊಡ್ಡಮ್ಮ ಒಂದೇ ಏಟಿಗೆ ಮೀಟರಿನ ಸದ್ದು ಆರಿಸಿದರು. ಅಷ್ಟು ಕುಣಿಯುತ್ತಿದ್ದವರು ಅಷ್ಟು ಬೇಗ ನಿಂತದ್ದನ್ನು ನಾನು ನೋಡಿರಲಿಲ್ಲ. ಇನ್ನೊಂದು ಕುರ್ಚಿ ಎಳೆದುಕೊಂಡು ಸ್ವಲ್ಪ ದೂರದಲ್ಲಿ ಕೂತು ಮೆತ್ತಗೆ ಕೇಳಿದರು, "ಥೈರಾಯ್ಡಾ ಸಾಹೇಬ್ರೇ?"

ಅವರು ಲೋಟದೊಳಗಿನ ಬಿಸ್ಕತ್ತನ್ನೇ ನೋಡುತ್ತಾ ತಲೆಯಾಡಿಸಿದರು. "ಮನೇಲಿ ನಮ್ಮಣ್ಣ ಒಬ್ಬರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಡಾಕ್ಟರು ಹೇಳಿದ್ರು, ಹೆದರೋ ಅಂಥದ್ದೇನಿಲ್ಲ, ಆದ್ರೆ ಕೆಲವು ದಿನ ಬಸುರಿ ಹೆಂಗಸರ ಪಕ್ಕ, ಸಣ್ಣ ಮಕ್ಕಳ ಪಕ್ಕ ಅಂಟಿಕೊಂಡು ಕೂರ್ಬೇಡಿ ಅಂತ. ಟೈಪಿಸ್ಟ್ ಹುಡುಗಿಗೆ ಈಗ ಏಳು ತಿಂಗಳು. ಮೂರು ಗಂಟೆಗೆ ಎಲ್ಲರೂ ನನ್ನ ಮೇಜಿನ ಸುತ್ತಾನೇ ಟೀ ಕುಡಿಯೋದು, ಅವಳು ನನ್ನ ಪಕ್ಕದಲ್ಲೇ. ಏಳಮ್ಮ ಅಂದ್ರೆ ಯಾಕೆ ಅಂತಾಳೆ. ಅದಕ್ಕೆ ನಾನೇ ಎದ್ದು ಬಂದೆ. ಇಡೀ ಕಟ್ಟಡದಲ್ಲಿ ಯಾರಿಗೂ ತೊಂದರೆ ಆಗದೇ ಇರೋ ಜಾಗ ಯಾವುದು ಅಂತ ಮೂರು ದಿನ ಹುಡುಕಿ ಇದನ್ನ ಆರಿಸಿದ್ದು ಮೇಡಂ."

ಆರು ಮಹಡಿಯ ಕಟ್ಟಡ. ವಿಕಿರಣ ಹಿಡಿಯುವ ಯಂತ್ರವಿರುವುದು ಒಂದೇ ಕೋಣೆಯಲ್ಲಿ. ಅದರ ಗೋಡೆಗೆ ಬೆನ್ನು ಒರಗಿಸಿ ಕೂತಿದ್ದರು ಸಾಹೇಬರು, ಯಾರಿಗೂ ಗೊತ್ತಾಗಬಾರದೆಂದು. ಮೊದಲು ನಕ್ಕದ್ದು ಸೋಲ್ಡರ್ ಅಣ್ಣ, ಮೂಗಿನಿಂದ. ಆಮೇಲೆ ದೊಡ್ಡಮ್ಮ. ಕೊನೆಗೆ ಸಾಹೇಬರೇ ಲೋಟ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು, ಸ್ಟೂಲಿನ ಮೂರು ಕಾಲೂ ಅಲುಗುವಂತೆ ನಕ್ಕರು. ಅವರ ಹಲ್ಲು ನಾನು ನೋಡಿದ್ದು ಅದೇ ಮೊದಲು.

ನಗು ಮುಗಿದ ಮೇಲೆ ದೊಡ್ಡಮ್ಮ ಹೇಳಿದರು, "ನಾಳೆ ಮೂವರು ಬರ್ತಾರೆ. ನಿಮ್ಮ ವಿಷಯ ಹೇಳಿದ್ರೆ ನನ್ನ ಡಿಟೆಕ್ಟರು ಉಳಿಯುತ್ತೆ. ಆದ್ರೆ ಅದು ನಿಮ್ಮ ಮೈಯ ವಿಷಯ. ನೀವು ಬೇಡ ಅಂದ್ರೆ ನಾನು ಬಾಯಿ ಬಿಡಲ್ಲ. ಇವರಿಬ್ಬರೂ ಬಿಡಲ್ಲ."

ಹನ್ನೊಂದು ವರ್ಷ! ಅಷ್ಟನ್ನೂ ಅವರು ಆ ಮೂರು ಕಾಲಿನ ಸ್ಟೂಲಿನ ಮೇಲೆ ಇಟ್ಟುಬಿಟ್ಟರು. ಸಾಹೇಬರು ಟೀ ಮುಗಿಸಿದರು, ಲೋಟ ಎತ್ತಿಕೊಂಡರು, ಹೋದರು.

ಮಂಗಳವಾರ ಮೂವರು ಬಂದರು. ದಪ್ಪ ಕನ್ನಡಕದ ಹಿರಿಯರು ಗ್ರಾಫನ್ನು ನೋಡಿ, ದೊಡ್ಡಮ್ಮನನ್ನು ನೋಡಿ, ಮತ್ತೆ ಗ್ರಾಫನ್ನು ನೋಡಿದರು. "ಇದೇನಮ್ಮಾ, ಮತ್ತೆ ಲಿಫ್ಟಾ?"

ದೊಡ್ಡಮ್ಮ ಗ್ರಾಫನ್ನು ತಮ್ಮ ಕಡೆ ಎಳೆದುಕೊಂಡರು. "ಕಾರಣ ಗೊತ್ತಿದೆ ಸಾರ್. ಹೇಳೋ ಹಾಗಿಲ್ಲ."

"ಹೇಳೋ ಹಾಗಿಲ್ಲ ಅಂದ್ರೆ ಬರ್ಕೊಳ್ಳೋದು ಹೇಗೆ?" ಎಂದು ಹಿರಿಯರು ಪೆನ್ನಿನ ಮುಚ್ಚಳ ತೆಗೆದರು.

ಆಗ ಬಾಗಿಲಲ್ಲಿ ಕೆಮ್ಮಿದ ಸದ್ದು. ಮೂರುಸಹಿ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದರು. ಒಳಗೆ ಬರದೆ ಅಲ್ಲಿಂದಲೇ ಒಂದು ಕಾಗದ ಚಾಚಿದರು. ತಮಗೆ ಏನು ಔಷಧಿ ಕೊಟ್ಟರು, ಯಾವ ದಿನ, ಎಲ್ಲಿ ಕೂತು ಟೀ ಕುಡಿದರು, ಎಲ್ಲವೂ ಅದರಲ್ಲಿತ್ತು. ಕೆಳಗೆ ಮೂರು ಸಹಿ. ಮೂರೂ ಅವರದ್ದೇ.

"ಒಂದು ಸಾಕಾಗಿತ್ತಲ್ಲ ಸಾಹೇಬ್ರೇ" ಎಂದರು ದೊಡ್ಡಮ್ಮ.

"ಪದ್ಧತಿ ಬಿಡಬಾರದು" ಎಂದರು ಸಾಹೇಬರು.

ಹಿರಿಯರಿಗೆ ಕಾಗದ ಸಾಲಲಿಲ್ಲ, ಕಣ್ಣಾರೆ ನೋಡಬೇಕಿತ್ತು. ಸಾಹೇಬರು ಸ್ಟೂಲಿಗೆ ಹೋಗಿ ಕೂತರು. ಸೋಲ್ಡರ್ ಅಣ್ಣ ಮೆಟ್ಟಿಲ ಬಳಿ ನಿಂತರು. ಹಿರಿಯರು ಗಡಿಯಾರ ಹಿಡಿದು "ಏಳ್ಲಿ" ಎಂದರೆ ಅಣ್ಣ "ಏಳಿ ಸಾಹೇಬ್ರೇ" ಎಂದು ಕೂಗುವುದು, ಸಾಹೇಬರು ಎದ್ದು ಆಚೆ ಸರಿಯುವುದು, ಎಣಿಕೆ ಇಳಿಯುವುದು. "ಕೂರ್ಲಿ" ಎಂದರೆ "ಕೂತ್ಕೊಳಿ ಸಾಹೇಬ್ರೇ", ಎಣಿಕೆ ಏರುವುದು. ಐದು ಸಲ ಆದ ಮೇಲೂ ಹಿರಿಯರಿಗೆ ಸಾಕಾಗಲಿಲ್ಲ. ಆರನೆಯ ಸಲಕ್ಕೆ ಉಳಿದಿಬ್ಬರೂ "ಈಗ ನಾನು ಹೇಳ್ತೀನಿ", "ಇಲ್ಲ ನಾನು" ಎಂದು ಜಗಳ ತೆಗೆದರು. ಗೋಡೆಯ ಆಚೆಯಿಂದ ಸಾಹೇಬರು, "ಇನ್ನು ಕೂತೆದ್ದರೆ ಮೊಣಕಾಲಿಗೆ ಬೇರೆ ಔಷಧಿ ಬೇಕಾಗುತ್ತೆ!" ಎಂದು ಕೂಗಿದರು. ಕೋಣೆ ತುಂಬ ನಗು. ಹಿರಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಉಬ್ಬುಗಳ ಹೊತ್ತನ್ನು ಬಿಟ್ಟು ಉಳಿದ ಏಳು ದಿನದ ಎಣಿಕೆಯನ್ನು ಅವರು ತಾವೇ ಕೂಡಿ ಕಳೆದು ನೋಡಿದರು. ನೂರಕ್ಕೆ ಒಂದೂ ಆಚೀಚೆ ಇರಲಿಲ್ಲ. "ಬೆಳಕು ಒಂದು ಹನಿ ಸೋರಿಲ್ಲ. ಸುತ್ತಿದವರು ಯಾರು?" ಎಂದು ಕೇಳಿದರು. ನಾನು ಬೀರುವಿನ ಹಿಂದೆ ಸರಿದುಕೊಂಡೆ. ದೊಡ್ಡಮ್ಮ ಕೈ ಹಿಡಿದು ಎಳೆದು ತಂದರು. ನಾನು ನೆಲ ನೋಡುತ್ತಾ ನಿಂತೆ. ಆದರೆ ನೆಲ ನೋಡುತ್ತಲೇ ನಕ್ಕೆ.

ಹೋಗುವಾಗ ಹಿರಿಯರು ಬಾಗಿಲಲ್ಲಿ ತಿರುಗಿ ನಿಂತರು. "ಸುರಂಗಕ್ಕೆ ನಾಲ್ಕು ಹಲಗೆ ಸಾಲದು ಮೇಡಂ. ಇನ್ನೆರಡು ಮಾಡ್ಕೊಳ್ಳಿ." ಬರಿಯ ಮೇಡಂ ಎಂದರು. ಲಿಫ್ಟ್ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ದೊಡ್ಡಮ್ಮನಿಗೆ ಬಿಕ್ಕಳಿಕೆ ಹಿಡಿದದ್ದು ಸಂಜೆಯಾದರೂ ಬಿಡಲಿಲ್ಲ. ದೊಡ್ಡಪ್ಪ ಗುದ್ದಿ ಗುದ್ದಿ ಕೈ ನೋಯಿಸಿಕೊಂಡರು. ಗುದ್ದುತ್ತಾ ಗುದ್ದುತ್ತಾ ಅವರೂ ಕುಣಿದರು.

ಸಾಹೇಬರು ಈಗ ಹುಷಾರಾಗಿದ್ದಾರೆ. ಅವರ ವಿಷಯ ಬರೆಯಬಹುದೇ ಎಂದು ನಾನು ಕಿಟಕಿಗೆ ಹೋಗಿ ಕೇಳಿದೆ. ಕೇಳಲು ನನಗೆ ನಾಲ್ಕು ದಿನ ಬೇಕಾಯಿತು. "ಬರಿಯಮ್ಮ. ಮೂರುಸಹಿ ಅಂತಲೇ ಬರ್ಕೋ, ಇಲ್ದಿದ್ರೆ ಯಾರು ಅಂತ ಯಾರಿಗೂ ತಿಳಿಯಲ್ಲ" ಎಂದರು. ಆಮೇಲೆ ಕಿಟಕಿಯಿಂದ ಕಪ್ಪು ಟೇಪಿನ ಒಂದು ಪೂರ್ತಿ ಡಬ್ಬ ನೂಕಿದರು. ಹನ್ನೆರಡು ರೋಲು. ಸಹಿಗೆ ನಾನು ಪೆನ್ನು ತೆಗೆದೆ. "ಹೋಗ್ ಹೋಗು" ಎಂದು ಕಿಟಕಿ ಮುಚ್ಚಿಕೊಂಡರು.

ನಿನ್ನೆ ಐದನೆಯ ಹಲಗೆ ಬಂದಿದೆ. ನಾಳೆ ಬೆಳಿಗ್ಗೆ ಉಗುರು ಕತ್ತರಿಸಿಕೊಂಡು, ಕೈ ತೊಳೆದುಕೊಂಡು, ಅದಕ್ಕೆ ಬೆಳ್ಳಿ ಬಣ್ಣದ ಹಾಳೆ ಸುತ್ತಲು ಶುರುಮಾಡುತ್ತೇನೆ.